ಸೊಂಟದ ಬೆಲ್ಟಿಗೆ ಚಾವಟಿ ಹೋಲ್ಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಾವಟಿ ಹಿಡಿದ ಹಾಲಿವುಡ್ ಸಿನಿಮಾ ನಾಯಕ ಇಂಡಿಯಾನಾ ಜೋನ್ಸ್ ವೇಷ ಹಾಕುವವರು ಟೋಪಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾರೆ. ಜಾಕೆಟ್ಟಿಗೆ ದುಡ್ಡು ಕೂಡಿಡುತ್ತಾರೆ. ಚಾವಟಿ ಹೋಲ್ಡರ್ ಮಾತ್ರ ಕಾರ್ಯಕ್ರಮದ ಹಿಂದಿನ ರಾತ್ರಿಗೆ ಉಳಿದುಬಿಡುತ್ತದೆ. ಆದರೆ ದಿನವಿಡೀ ನಿಮ್ಮ ಸೊಂಟದ ಮೇಲೆ ಭಾರ ಹೊರುವುದು ಅದೇ ಅಲ್ವಾ? ನಾನು ಈವರೆಗೆ ಐದು ಹೋಲ್ಡರ್ ಮಾಡಿದ್ದೇನೆ, ಒಂದನ್ನು ಕೊಂಡಿದ್ದೇನೆ. ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಹೋಲ್ಡರ್ ಬೇಕೇ ಬೇಕಾ? ಸುಮ್ನೆ ಬೆಲ್ಟಿಗೆ ಸಿಕ್ಕಿಸಿಕೊಂಡರೆ ಸಾಲದಾ?

ಫೋಟೋಗೆ ಹತ್ತು ನಿಮಿಷ ನಿಲ್ಲುವುದಾದರೆ ಸಾಕು. ನಡೆಯುವುದಾದರೆ ಸಾಲದು. 8 ಅಡಿಯ ಚರ್ಮದ ಬುಲ್‌ವಿಪ್ (ಗಿಡ್ಡ ಹಿಡಿಯ, ಉದ್ದಕ್ಕೆ ಹೆಣೆದ ಚಾವಟಿ) ಅರ್ಧ ಕೆಜಿಗೂ ಜಾಸ್ತಿ ತೂಗುತ್ತದೆ. ಅದನ್ನು ಬೆಲ್ಟಿನ ಒಳಗೆ ತೂರಿಸಿದರೆ ಪ್ಯಾಂಟಿಗೂ ಬೆಲ್ಟಿಗೂ ನಡುವೆ ಸಿಕ್ಕಿ ಸೊಂಟಕ್ಕೆ ಒತ್ತುತ್ತದೆ. ಕೂತಾಗಲಂತೂ ಪಕ್ಕೆಗೆ ಚುಚ್ಚುತ್ತದೆ. ಜೊತೆಗೆ ಹೆಣಿಗೆ ಒಂದೇ ಜಾಗದಲ್ಲಿ ಮಡಿಚಿ ಅಲ್ಲೇ ಗೆರೆ ಬೀಳುತ್ತದೆ. ಹೋಲ್ಡರ್ ಅಂದರೆ ಏನು ಮಹಾ, ಬೆಲ್ಟಿಗೆ ನೇತುಬಿದ್ದು ಸುರುಳಿಯನ್ನು ತಬ್ಬಿ ಹಿಡಿಯುವ ಒಂದು ಬಾರು. ಅಷ್ಟೇ. ಆದರೆ ಅಷ್ಟು ಇರಲೇಬೇಕು.

ಸಿನಿಮಾದಲ್ಲಿ ಇದ್ದದ್ದು ಹೇಗಿತ್ತು?

ಮೊದಲ ಚಿತ್ರ ಬಂದದ್ದು 1981ರಲ್ಲಿ. ಇಂಡಿಯಾನಾ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಬಲ ಸೊಂಟದಲ್ಲಿ ಪಿಸ್ತೂಲಿನ ಚೀಲ, ಎಡ ಸೊಂಟದಲ್ಲಿ ಚಾವಟಿ ಇಟ್ಟುಕೊಂಡಿದ್ದರು. ಹೆಗಲಿನಿಂದ ಎಡಕ್ಕೆ ಇಳಿಬಿದ್ದಿದ್ದ ಬ್ಯಾಗು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಗ್ಯಾಸ್ ಮಾಸ್ಕ್ ಚೀಲ. ಚಾವಟಿಗಳನ್ನು ಹೆಣೆದುಕೊಟ್ಟವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೇವಿಡ್ ಮಾರ್ಗನ್. ಕಾಂಗರೂ ಚರ್ಮದ 12 ಎಳೆಗಳ ಹೆಣಿಗೆ, ಹಿಡಿ ಸುಮಾರು 8 ಇಂಚು. ಕಾಂಗರೂ ಚರ್ಮ ತೆಳ್ಳಗಿದ್ದೂ ಗಟ್ಟಿ. ಹಾಗಾಗಿ ಎಳೆಗಳನ್ನು ಸಣ್ಣಗೆ ಸೀಳಿ ಒತ್ತಾಗಿ ಹೆಣೆಯಬಹುದು.

ಹೋಲ್ಡರ್ ಮಾತ್ರ ತೀರಾ ಸರಳ. ಒಂದು ಚರ್ಮದ ಪಟ್ಟಿ, ಒಂದು ಟಿಚ್ ಬಟನ್. ಕೆತ್ತನೆ ಇಲ್ಲ, ಲೋಹದ ಅಲಂಕಾರ ಇಲ್ಲ. ಅಂಗಡಿಯಲ್ಲಿ ಹೊಳೆಯುವ ಹಿತ್ತಾಳೆ ಮೊಳೆ ಹೊಡೆದ ಹೋಲ್ಡರ್ ತೋರಿಸಿ ‘ಇದೇ ಒರಿಜಿನಲ್’ ಅಂದರೆ ನಂಬಬೇಡಿ.

ಅಳತೆ ಎಲ್ಲಿಂದ ಶುರು ಮಾಡಲಿ?

ಚಾವಟಿಯಿಂದ. ಬೆಲ್ಟಿನಿಂದ ಅಲ್ಲ, ಇನ್ನೊಬ್ಬರ ಹೋಲ್ಡರಿನಿಂದಂತೂ ಅಲ್ಲವೇ ಅಲ್ಲ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಮೊದಲು ಸುರುಳಿ, ಆಮೇಲೆ ಬಾರು.

ಬುಲ್‌ವಿಪ್ಪಿನ ಉದ್ದವನ್ನು ಹಿಡಿಯ ಬುಡದಿಂದ ಹೆಣಿಗೆ ಮುಗಿಯುವ ತನಕ ಅಳೆಯುತ್ತಾರೆ. ತುದಿಯ ಒಂಟಿ ಬಾರು, ಅದರ ಕೊನೆಯ ದಾರದ ಕುಚ್ಚು ಲೆಕ್ಕಕ್ಕಿಲ್ಲ. 8 ಅಡಿ ಅಂದರೆ ಸುಮಾರು 240 ಸೆಂ.ಮೀ. ಸುರುಳಿ 25 ಸೆಂ.ಮೀ. ಅಗಲ ಇದ್ದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ 78 ಸೆಂ.ಮೀ. ಬೇಕು. ಅಂದರೆ ಮೂರು ಸುತ್ತು, ಮೇಲೊಂದಿಷ್ಟು. 10 ಅಡಿಯದಾದರೆ ನಾಲ್ಕು ಸುತ್ತು. ಒಂದು ಸುತ್ತು ಹೆಚ್ಚಾದರೆ ಕಟ್ಟಿನ ದಪ್ಪ ಎಷ್ಟು ಬದಲಾಗುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿದರೇ ಗೊತ್ತಾಗುವುದು.

ನಿಮಗೆ ಚೆನ್ನಾಗಿ ಕಾಣುವ ಹಾಗೆ ಸುರುಳಿ ಸುತ್ತಿ. ಹೋಲ್ಡರ್ ಹಿಡಿಯಬೇಕಾದ ಜಾಗದಲ್ಲಿ ಒಂದು ದಾರ ಸುತ್ತಿ, ಬಿಗಿಯಾಗಿ ಅಲ್ಲ, ಕಟ್ಟನ್ನು ಮುಟ್ಟಿಕೊಂಡಿರುವಷ್ಟು. ಆ ದಾರವನ್ನು ಸ್ಕೇಲಿನ ಮೇಲೆ ಇಡಿ. ನನ್ನ 8 ಅಡಿಯದಕ್ಕೆ 13 ಸೆಂ.ಮೀ. ಬಂತು. ಇದನ್ನು ಮೂರು ಸಲ ಮಾಡಿ, ಪ್ರತಿ ಸಲವೂ ಸುರುಳಿ ಬಿಚ್ಚಿ ಹೊಸದಾಗಿ ಸುತ್ತಿ. ಮೂರು ಅಳತೆಯಲ್ಲಿ ದೊಡ್ಡದನ್ನು ಹಿಡಿಯಿರಿ. ಯಾಕೆಂದರೆ ಜನರ ನಡುವೆ ನಿಂತು ಅವಸರದಲ್ಲಿ ಸುತ್ತಿದ ಸುರುಳಿ ಮನೆಯಲ್ಲಿ ಸುತ್ತಿದಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ.

ಸುರುಳಿ ಸರಿಯಾಗಿ ಕೂರಲ್ಲ, ಎಂಟರ ಆಕಾರಕ್ಕೆ ತಿರುಚಿಕೊಳ್ಳುತ್ತೆ. ಯಾಕೆ?

ನೀವು ಅದರ ಬಾಗಿನ ವಿರುದ್ಧ ಸುತ್ತುತ್ತಿದ್ದೀರಿ. ಒಳ್ಳೆಯ ಬುಲ್‌ವಿಪ್ಪಿಗೆ ತನ್ನದೇ ಒಂದು ಬಾಗು ಇರುತ್ತದೆ. ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕಡೆ ಬಂದಾಗ ಹೆಣಿಗೆ ಸಲೀಸಾಗಿ ಕೆಳಗೆ ಬಾಗುತ್ತದೆ, ಉಳಿದ ಕಡೆ ಹಟ ಹಿಡಿಯುತ್ತದೆ. ಸಲೀಸಾದ ಕಡೆಗೇ ಸುತ್ತಿ. ಕೊಡ ಹೊರುವಾಗ ತಲೆಗೆ ಸಿಂಬೆ ಸುತ್ತುತ್ತಾರಲ್ಲ, ಹಾಗೆ, ಎಳೆಯದೆ, ಅದು ಹೋದ ಹಾಗೆ ಬಿಡುತ್ತಾ. ಕೊನೆಯ ಒಂಟಿ ಬಾರನ್ನು ಕಟ್ಟಿನ ಸುತ್ತ ಎರಡು ಮೂರು ಸುತ್ತು ಹಾಕಿ ತುದಿಯನ್ನು ಒಳಗೆ ತೂರಿಸಿದರೆ ಬಿಚ್ಚಿಕೊಳ್ಳುವುದಿಲ್ಲ.

ಟಿಚ್ ಬಟನ್ನಾ, ಬಕಲ್ಲಾ, ವೆಲ್ಕ್ರೋನಾ?

ಟಿಚ್ ಬಟನ್. ಆದರೆ ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಎಲ್ಲ.

ನನ್ನ ಮೊದಲ ಹೋಲ್ಡರಿನಲ್ಲಿ ಬಟನ್ ಬಾರಿನ ತಳದಲ್ಲಿತ್ತು, ಸುರುಳಿಯ ಹೊಟ್ಟೆಯ ಕೆಳಗೆ. ನೋಡುವುದಕ್ಕೆ ನೀಟಾಗಿತ್ತು, ಎದುರಿನಿಂದ ಬಟನ್ ಕಾಣುತ್ತಿರಲಿಲ್ಲ. ಒಂದು ಕಾರ್ಯಕ್ರಮದಲ್ಲಿ ಮೆಟ್ಟಿಲು ಇಳಿಯುತ್ತಿದ್ದೆ. ನಾಲ್ಕನೇ ಮೆಟ್ಟಿಲಿಗೆ ‘ಟಕ್’ ಅಂತು. ತಿರುಗಿ ನೋಡುವಷ್ಟರಲ್ಲಿ ಚಾವಟಿ ಸುರುಳಿ ಬಿಚ್ಚಿಕೊಂಡು ನನ್ನ ಹಿಂದೆ ಐದಾರು ಮೆಟ್ಟಿಲ ಮೇಲೆ ಮಲಗಿತ್ತು. ಹಿಂದೆ ಬರುತ್ತಿದ್ದ ಹುಡುಗನ ಕಾಲು ಅದರ ಮೇಲೇ ಬಿತ್ತು. ಅವನು ಕಂಬಿ ಹಿಡಿದುಕೊಂಡ, ಏನೂ ಆಗಲಿಲ್ಲ. ಆದರೆ ಅವನು ಕಂಬಿ ಹಿಡಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಗೆ ಬಂದು ಹೋಲ್ಡರನ್ನು ಮೇಜಿನ ಮೇಲಿಟ್ಟು ಯೋಚಿಸಿದೆ.

ಟಿಚ್ ಬಟನ್ ಎರಡು ರೀತಿಯ ಎಳೆತ ನೋಡುತ್ತದೆ. ಅಡ್ಡಕ್ಕೆ ಜಗ್ಗಿದರೆ ಬಿಡುವುದೇ ಇಲ್ಲ. ಅಂಚು ಹಿಡಿದು ಮೇಲಕ್ಕೆ ಎತ್ತಿದರೆ ಮಗುವಿನ ಕೈಗೂ ಬಿಚ್ಚುತ್ತದೆ. ತಳದಲ್ಲಿದ್ದಾಗ ಪ್ರತಿ ಹೆಜ್ಜೆಗೂ ಸುರುಳಿಯ ಭಾರ ಬಟನ್ನನ್ನು ಸುಲಿಯುವ ದಿಕ್ಕಿಗೇ ಒತ್ತುತ್ತಿತ್ತು. ಅದನ್ನು ಮುಂಭಾಗದಲ್ಲಿ, ಬೆಲ್ಟಿನ ಸ್ವಲ್ಪವೇ ಕೆಳಗೆ ಕೂರಿಸಿದರೆ ಅದೇ ಭಾರ ಅಡ್ಡಕ್ಕೆ ಜಗ್ಗುತ್ತದೆ, ಬಟನ್ ಗಟ್ಟಿಯಾಗಿ ನಿಲ್ಲುತ್ತದೆ. ನಿಮಗೆ ಬೇಕಾದಾಗ ತುದಿ ಹಿಡಿದು ಎತ್ತಿದರೆ ತಕ್ಷಣ ಬಿಚ್ಚುತ್ತದೆ. ಆಮೇಲೆ ಮಾಡಿದ ನಾಲ್ಕರಲ್ಲೂ ಹೀಗೇ ಮಾಡಿದ್ದೇನೆ. ಒಂದೂ ತಾನಾಗಿ ಬಿಚ್ಚಿಲ್ಲ.

ಬಕಲ್ ಗಟ್ಟಿ, ಆದರೆ ಒಂದೇ ಕೈಯಲ್ಲಿ ಬಿಚ್ಚುವುದು ಕಷ್ಟ. ವೆಲ್ಕ್ರೋ ‘ಪರ್ರ್’ ಅಂತ ಸದ್ದು ಮಾಡುತ್ತದೆ. ಅದರ ಕೊಕ್ಕೆಗಳು ಹೆಣಿಗೆಯ ಎಳೆಗಳನ್ನು ಉಜ್ಜುತ್ತವೆ. 1930ರ ದಶಕದ ಕಥೆಯ ವೇಷದ ಮೇಲೆ ಅದು ಒಪ್ಪುವುದೂ ಇಲ್ಲ. ಮ್ಯಾಗ್ನೆಟ್ ಬೇಡ, ಓಡಿದರೆ ಬಿಡುತ್ತದೆ.

ಇನ್ನೊಂದು ಒಳ್ಳೆಯ ದಾರಿ ಸ್ಯಾಮ್ ಬ್ರೌನ್ ಸ್ಟಡ್. ಸಣ್ಣ ಗುಂಡಿನ ಹಾಗಿರುವ ಹಿತ್ತಾಳೆ ಮೊಳೆ, ಬಾರಿನ ತೂತು ಅದರ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಆ ಹೆಸರು ಬ್ರಿಟಿಷ್ ಭಾರತ ಸೇನೆಯ ಅಧಿಕಾರಿ ಸ್ಯಾಮ್ ಬ್ರೌನ್ ಅವರದು. 1858ರ ಕಾದಾಟದಲ್ಲಿ ಅವರು ಎಡಗೈ ಕಳೆದುಕೊಂಡರು. ಒಂದೇ ಕೈಯಲ್ಲಿ ಕತ್ತಿ ನಿಭಾಯಿಸಲು ಹೆಗಲ ಮೇಲಿಂದ ಹಾಯುವ ಪಟ್ಟಿಯಿರುವ ಬೆಲ್ಟ್ ಮಾಡಿಕೊಂಡರು. ನಮ್ಮ ಪೊಲೀಸ್ ಅಧಿಕಾರಿಗಳು ಪರೇಡಿನಲ್ಲಿ ಎದೆಗೆ ಅಡ್ಡಲಾಗಿ ಹಾಕುವ ಕ್ರಾಸ್ ಬೆಲ್ಟ್ ಅದರದೇ ವಂಶ. ಒಂದು ಕೈಯಲ್ಲಿ ಕೆಲಸ ಆಗಬೇಕು ಅನ್ನುವ ಯೋಚನೆ ನಮಗೂ ಬೇಕಾದದ್ದೇ. ಟಿಚ್ ಬಟನ್ ಹೊಡೆಯುವ ಸಲಕರಣೆ ಇಲ್ಲದವರಿಗೆ ಈ ಸ್ಟಡ್ ಇನ್ನೂ ಸುಲಭ, ಸ್ಕ್ರೂ ತಿರುಗಿಸಿದರೆ ಮುಗಿಯಿತು.

ಯಾವ ಚರ್ಮ ತಗೊಳ್ಳಲಿ?

2.5ರಿಂದ 3 ಮಿ.ಮೀ. ದಪ್ಪದ, ತೊಗಟೆಯಲ್ಲಿ ಹದ ಮಾಡಿದ ಚರ್ಮ. ಇದಕ್ಕಿಂತ ತೆಳ್ಳಗಿದ್ದರೆ ಭಾರಕ್ಕೆ ಹಿಗ್ಗುತ್ತದೆ. 4 ಮಿ.ಮೀ. ಮೀರಿದರೆ ಬೆಲ್ಟಿನ ಮೇಲೆ ಮಡಿಚುವುದೇ ಕಷ್ಟ.

ಅಂಗಡಿಯಲ್ಲಿ ಸಿಗುವ ಬ್ಯಾಗು, ಜಾಕೆಟ್ಟಿನ ಚರ್ಮ ಹೆಚ್ಚಾಗಿ ಕ್ರೋಮ್ ಹದದ್ದು. ಮೆತ್ತಗೆ ಇರುತ್ತದೆ, ನೀರಿಗೂ ಅಷ್ಟು ಹೆದರುವುದಿಲ್ಲ, ಆದರೆ ಕೊಟ್ಟ ಆಕಾರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ತೊಗಟೆ ಹದದ ಚರ್ಮವನ್ನು ಒದ್ದೆ ಮಾಡಿ ಬಾಗಿಸಿ ಒಣಗಿಸಿದರೆ ಆ ಬಾಗು ಹಾಗೇ ನಿಲ್ಲುತ್ತದೆ. ಹೋಲ್ಡರಿಗೆ ಬೇಕಾದ್ದು ಅದೇ ಗುಣ.

ಕರ್ನಾಟಕದವರಿಗೆ ಇದು ಹೊಸದೇನಲ್ಲ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಆಗುವುದು ಇಂಥ ಚರ್ಮದಿಂದಲೇ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಹಳೆಯ ಪದ್ಧತಿ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. ಆ ಕಡೆ ಹೋಗುವವರಿದ್ದರೆ ಚಪ್ಪಲಿ ಮಾಡುವವರ ಹತ್ತಿರ ಅಟ್ಟೆಗೆ ಕತ್ತರಿಸಿ ಉಳಿದ ತುಂಡು ಕೇಳಿ ನೋಡಿ. ಒಂದು ಹೋಲ್ಡರಿಗೆ ಬೇಕಾಗುವುದು ಒಂದೂವರೆ ಗೇಣುದ್ದದ ಮೇಲೆ ಸ್ವಲ್ಪ, ನಾಲ್ಕು ಬೆರಳಗಲ. ನನ್ನ ಅತಿ ಒಳ್ಳೆಯ ಹೋಲ್ಡರ್ ಆದದ್ದು ಅಂಥ ಒಂದು ತುಂಡಿನಿಂದ. ಬಣ್ಣ ಹಚ್ಚಲೇ ಇಲ್ಲ. ಎರಡು ವರ್ಷದಲ್ಲಿ ಅದು ತಾನಾಗಿಯೇ ಬೆಲ್ಲದ ಬಣ್ಣಕ್ಕೆ ತಿರುಗಿದೆ.

ನಾನೇ ಮಾಡ್ತೀನಿ. ಹಂತ ಹಂತವಾಗಿ ಹೇಳ್ತೀರಾ?

ಮೊದಲು ದಪ್ಪ ರಟ್ಟಿನಲ್ಲಿ ಮಾಡಿ ನೋಡಿ. ಸ್ವೀಟ್ ಬಾಕ್ಸಿನ ರಟ್ಟು ಸಾಕು. ರಟ್ಟಿನಲ್ಲಿ ತಪ್ಪು ಮಾಡಿದರೆ ಏನೂ ನಷ್ಟ ಇಲ್ಲ.

ಒಂದೇ ಪಟ್ಟಿಯ ಹೋಲ್ಡರಿನ ಲೆಕ್ಕ ಹೀಗೆ. 4 ಸೆಂ.ಮೀ. ಅಗಲದ ಬೆಲ್ಟನ್ನು ಬಳಸಲು 9 ಸೆಂ.ಮೀ. ಮುಂದೆ ಮಡಿಚಿ ಬರುವ ನಾಲಗೆಗೆ 5. ಹಿಂಬದಿಯಲ್ಲಿ ರಿವೆಟ್ ಜಾಗಕ್ಕೆ 2. ಸುರುಳಿಯ ಸುತ್ತಳತೆ, ನನ್ನ ಲೆಕ್ಕದಲ್ಲಿ 13. ಸಡಿಲಕ್ಕೆ 1. ಬೆರಳಲ್ಲಿ ಹಿಡಿದು ಎಳೆಯುವ ತುದಿಗೆ 2. ಒಟ್ಟು 32. ನೀವು 35 ಸೆಂ.ಮೀ. ಕತ್ತರಿಸಿ, ಕೊನೆಯಲ್ಲಿ ಹೆಚ್ಚಾದದ್ದನ್ನು ತೆಗೆಯಿರಿ. ಬೆಲ್ಟಿನ ಕಡೆ ಅಗಲ 4 ಸೆಂ.ಮೀ. ಇರಲಿ, ಸುರುಳಿ ಹಿಡಿಯುವ ಕಡೆ ಎರಡೂವರೆಗೆ ಇಳಿಯಲಿ. ಇಡೀ ಪಟ್ಟಿ ಎರಡೂವರೆ ಆದರೆ ನಡೆಯುವಾಗ ಹೋಲ್ಡರ್ ಬೆಲ್ಟಿನ ಮೇಲೆ ವಾಲುತ್ತದೆ.

ಪಟ್ಟಿಯ ನುಣುಪು ಮುಖ ಯಾವಾಗಲೂ ಹೊರಗೆ. ಅಗಲದ ತುದಿಯನ್ನು ಬೆಲ್ಟಿನ ಹಿಂದಿನಿಂದ ಮೇಲಕ್ಕೆ ತಂದು, ಬೆಲ್ಟಿನ ಮೇಲೆ ಹಾಯಿಸಿ, ಮುಂದೆ ಇಳಿಬಿಡಿ. ಬೆಲ್ಟಿನ ಕೆಳಗೆ ಎರಡೂ ಪದರ ಸೇರಿಸಿ ಅಕ್ಕಪಕ್ಕ ಎರಡು ರಿವೆಟ್ ಹೊಡೆಯಿರಿ. ಒಂದೇ ಹೊಡೆದರೆ ಅದರ ಸುತ್ತ ತಿರುಗುತ್ತದೆ. ಈಗ ಮುಂದೆ ಒಂದು ಗಿಡ್ಡ ನಾಲಗೆ, ಹಿಂದೆ ಒಂದು ಉದ್ದ ಬಾಲ ಉಳಿಯಿತು. ನಾಲಗೆಯ ಮೇಲೆ ಟಿಚ್ ಬಟನ್ನಿನ ಗುಬ್ಬಿ (ಉಬ್ಬಿದ ಭಾಗ), ಬಾಲದ ತುದಿಯಲ್ಲಿ ಅದರ ಮೇಲೆ ಕೂರುವ ಟೋಪಿ. ಬಾಲವನ್ನು ಸುರುಳಿಯ ಕೆಳಗಿಂದ ಬಳಸಿ ಮುಂದಕ್ಕೆ ತಂದು ನಾಲಗೆಗೆ ಒತ್ತಿದರೆ ಮುಗಿಯಿತು.

ಬಾಲದ ಬಟನ್ನಿನ ತೂತನ್ನು ಮಾತ್ರ ಮೊದಲೇ ಹಾಕಬೇಡಿ. ರಿವೆಟ್ ಆದ ಮೇಲೆ, ಬೆಲ್ಟಿಗೆ ಹಾಕಿ, ಚಾವಟಿ ಇಟ್ಟು, ಬಾಲ ಬಳಸಿ ತಂದು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ತೂತು.

ಇಲ್ಲೊಂದು ತೊಡಕು ಬರುತ್ತದೆ. ಮಾಮೂಲಿ ಟಿಚ್ ಬಟನ್ನಿನ ಕಾಲು ಗಿಡ್ಡ, ಅದು ಇರುವುದು ಬಟ್ಟೆಗೆ. 3 ಮಿ.ಮೀ. ಚರ್ಮ ದಾಟಿ ಆಚೆ ಮಡಿಚಿಕೊಳ್ಳಲು ಸಾಲುವುದಿಲ್ಲ. ಹೊಡೆದಾಗ ಕೂತ ಹಾಗೆ ಕಾಣುತ್ತದೆ, ಎರಡನೇ ದಿನ ಕಿತ್ತು ಬರುತ್ತದೆ. ಉದ್ದ ಕಾಲಿನದನ್ನೇ ಕೇಳಿ ತಗೊಳ್ಳಿ, ಇಲ್ಲವಾದರೆ ಬಟನ್ ಕೂರುವ ಜಾಗದಲ್ಲಿ ಮಾತ್ರ ಒರಟು ಮುಖವನ್ನು ಚೂಪಾದ ರಂಪಿಗೆಯಿಂದ ಹೆರೆದು ಅರ್ಧ ದಪ್ಪಕ್ಕೆ ಇಳಿಸಿ. ಟೋಪಿ 15 ಮಿ.ಮೀ. ಅಗಲದ್ದಾದರೆ ಬೆರಳಿಗೆ ಚೆನ್ನಾಗಿ ಸಿಗುತ್ತದೆ.

ಇನ್ನು ಬಾಗಿಸುವ ಕೆಲಸ. ಬಟನ್, ರಿವೆಟ್ ಹೊಡೆಯುವ ಮೊದಲೇ ಇದನ್ನು ಮುಗಿಸಿಕೊಂಡರೆ ಲೋಹಕ್ಕೆ ತುಕ್ಕಿನ ಭಯ ಇಲ್ಲ. ಪಟ್ಟಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು ಬಟ್ಟೆಯಲ್ಲಿ ಒತ್ತಿ, ಲಟ್ಟಣಿಗೆಗೆ ಸುತ್ತಿ ದಾರದಿಂದ ಕಟ್ಟಿ. 13 ಸೆಂ.ಮೀ. ಸುತ್ತಳತೆ ಅಂದರೆ 4 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ದಪ್ಪ, ಮನೆಯ ಲಟ್ಟಣಿಗೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಮೊದಲು ಲಟ್ಟಣಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳಿ, ಹಸಿ ಚರ್ಮದ ಬಣ್ಣ ಮರಕ್ಕೆ ಹಿಡಿಯುತ್ತದೆ. ನೆರಳಿನಲ್ಲಿ ಒಂದು ದಿನ ಇಡಿ. ಬಿಸಿಲು, ಹೇರ್ ಡ್ರೈಯರ್ ಬೇಡ, ಚರ್ಮ ಹಪ್ಪಳದ ಹಾಗೆ ಗಡಸಾಗಿ ಬಿರುಕು ಬಿಡುತ್ತದೆ. ಚಾವಟಿಗೇ ಸುತ್ತಿ ಒಣಗಿಸುವುದಂತೂ ಬೇಡವೇ ಬೇಡ.

ಅಂಚನ್ನು ಮರಳು ಕಾಗದದಿಂದ ಉಜ್ಜಿ, ನೀರು ಸವರಿ, ದಪ್ಪ ಬಟ್ಟೆಯಿಂದ ಜೋರಾಗಿ ತೀಡಿ. ಬಿಸಿಗೆ ಅಂಚು ಗಾಜಿನ ಹಾಗೆ ನುಣುಪಾಗುತ್ತದೆ. ಸುರುಳಿಯನ್ನು ಮುಟ್ಟುವ ಒಳಮುಖಕ್ಕೂ ಹೀಗೇ ತೀಡಿದರೆ ಹೆಣಿಗೆ ಉಜ್ಜಿಹೋಗುವುದಿಲ್ಲ. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ.

ರಿವೆಟ್ ಬದಲು ಹೊಲಿಯಬಹುದಾ?

ಖಂಡಿತ. ಮೇಣದ ದಾರ, ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ಹಾಯಬೇಕು. ಹಾಗೆ ಹೊಲಿದರೆ ಒಂದು ಹೊಲಿಗೆ ಸವೆದರೂ ಉಳಿದದ್ದು ಬಿಚ್ಚುವುದಿಲ್ಲ. ಮನೆಯ ಹೊಲಿಗೆ ಮಿಷನ್ನಿಗೆ ಕೊಡಬೇಡಿ, ಸೂಜಿ ಮುರಿಯುತ್ತದೆ.

ಹಳೇ ಬೆಲ್ಟ್ ಕತ್ತರಿಸಿ ಮಾಡಬಹುದಾ?

ಅಸಲಿ ಚರ್ಮದ್ದಾದರೆ ಮಾಡಬಹುದು. ಕತ್ತರಿಸಿದ ಅಂಚು ನೋಡಿ. ಇಡೀ ದಪ್ಪ ಒಂದೇ ನಾರಿನ ಹಾಗಿದ್ದರೆ ಒಳ್ಳೆಯದು. ನಡುವೆ ರಟ್ಟಿನಂಥ ಬೂದು ಪದರ ಕಂಡರೆ ಅದು ಪುಡಿ ಚರ್ಮ ಅಂಟಿಸಿದ ಬೆಲ್ಟು, ಮಡಿಚಿದ ಕಡೆ ಆರು ತಿಂಗಳಲ್ಲಿ ಒಡೆಯುತ್ತದೆ. ಬೆಲ್ಟಿನಲ್ಲಿ ಈಗಾಗಲೇ ಇರುವ ತೂತುಗಳ ಕಡೆ ಬಿಟ್ಟು, ಬೆನ್ನಿನ ಕಡೆಯ ತುಂಡು ಬಳಸಿ.

ಚಪ್ಪಲಿ ಹೊಲಿಯುವವರ ಹತ್ತಿರ ಮಾಡಿಸಬಹುದಾ?

ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ರಟ್ಟಿನ ಮಾದರಿ, ಚಾವಟಿ, ಬೆಲ್ಟು ಮೂರೂ ತಗೊಂಡು ಹೋಗಿ. ಫೋನಿನಲ್ಲಿ ಫೋಟೋ ತೋರಿಸಿದರೆ ಸಾಲದು, ವಸ್ತು ಕೈಗೆ ಸಿಗಬೇಕು. ನನ್ನ ಮೂರನೆಯ ಹೋಲ್ಡರ್ ಮಾಡುವಾಗ ಮನೆ ಹತ್ತಿರದ ಹಿರಿಯರೊಬ್ಬರ ಬಳಿ ಹೋದೆ. ಅವರು ಸುರುಳಿಯನ್ನು ಕೈಯಲ್ಲಿ ತೂಗಿ ನೋಡಿದರು. ನಾನು ತಂದ ಪಟ್ಟಿಯನ್ನು ಹೆಬ್ಬೆರಳಿನಿಂದ ಬಾಗಿಸಿದರು. ‘ಈ ಕಡೆಯಿಂದ ಕತ್ತರಿಸಬಾರದಿತ್ತು, ಹೊಟ್ಟೆ ಭಾಗದ ತೊಗಲಿದು, ಜಗ್ಗುತ್ತೆ. ಬೆನ್ನಿನದು ತಗೊಂಡು ಬನ್ನಿ’ ಅಂದರು. ಎರಡು ಹೋಲ್ಡರ್ ಮಾಡಿದ್ದರೂ ನನಗೆ ಅದು ಹೊಳೆದಿರಲಿಲ್ಲ. ಅವರು ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಬೇಡ.

ರೆಡಿಮೇಡ್ ಕೊಳ್ಳುವಾಗ ಏನು ನೋಡಬೇಕು?

ಬೆಲ್ಟ್ ತೂರುವ ಜಾಗ ಎಷ್ಟು ಅಗಲ, ಸುರುಳಿ ಹಿಡಿಯುವ ಬಾರಿನ ಒಳ ಸುತ್ತಳತೆ ಎಷ್ಟು. ಈ ಎರಡು ಸಂಖ್ಯೆ ಬರೆದಿಲ್ಲದಿದ್ದರೆ ಮಾರುವವರನ್ನು ಕೇಳಿ, ಹೇಳದಿದ್ದರೆ ಬಿಡಿ. ನಾನು ಕೇಳದೆ ಕೊಂಡಿದ್ದು 6 ಅಡಿ ಚಾವಟಿಗೆ ಮಾಡಿದ್ದಾಗಿತ್ತು. ನನ್ನದನ್ನು ಒತ್ತಿ ತುರುಕಿದರೂ ಬಟನ್ ಕೂಡಲಿಲ್ಲ. ‘ಎಲ್ಲ ಅಳತೆಗೂ ಹೊಂದುತ್ತದೆ’ ಅನ್ನುವ ಮಾತು ಹೋಲ್ಡರಿನ ವಿಷಯದಲ್ಲಿ ಸುಳ್ಳು.

ಎಡಕ್ಕಾ, ಬಲಕ್ಕಾ? ಹಿಡಿ ಮೇಲಾ, ಕೆಳಗಾ?

ಬಲಗೈಯವರಾದರೆ ಎಡ ಸೊಂಟ. ಬಲಗೈ ಹೊಟ್ಟೆಯ ಮುಂದೆ ಹಾದು ಹಿಡಿಯನ್ನು ಹಿಡಿಯುತ್ತದೆ. ಎಡಗೈಯವರು ಸಿನಿಮಾಕ್ಕೆ ಅಂಟಿಕೊಳ್ಳದೆ ಬಲಕ್ಕೆ ಹಾಕಿಕೊಳ್ಳಿ, ಯಾರೂ ತಪ್ಪು ಹಿಡಿಯುವುದಿಲ್ಲ. ಹಿಡಿ ಮೇಲಕ್ಕಿದ್ದರೆ ಜಾಕೆಟ್ಟಿನ ಅಂಚಿಗೆ ಸಿಕ್ಕುತ್ತದೆ, ಕೂತಾಗ ಪಕ್ಕೆಗೆ ಒತ್ತುತ್ತದೆ. ಕೆಳಕ್ಕಿದ್ದರೆ ತೊಡೆಗೆ ತಾಗುತ್ತಾ ಆಡುತ್ತದೆ, ಅಷ್ಟೇ. ನಾನು ಕೆಳಕ್ಕೇ ಬಿಡುತ್ತೇನೆ. ಬ್ಯಾಗೂ ಅದೇ ಕಡೆ ಇದ್ದರೆ ಬ್ಯಾಗನ್ನು ಸ್ವಲ್ಪ ಹಿಂದಕ್ಕೆ, ಚಾವಟಿಯನ್ನು ಮುಂದಕ್ಕೆ ಇಡಿ.

ಕಪ್ಪು ಮುಖವಾಡದ ಸಿನಿಮಾ ನಾಯಕ ಜೋರೋ ವೇಷಕ್ಕೆ ಲೆಕ್ಕ ಬೇರೆ. ಅವನ ಎಡ ಸೊಂಟದಲ್ಲಿ ಕತ್ತಿ ಇರುತ್ತದೆ. ಚಾವಟಿ ಬಲಕ್ಕೆ ಹೋಗಲೇಬೇಕು. ಬಾರು, ದಾರ, ಬಟನ್ ಎಲ್ಲ ಕಪ್ಪಿರಲಿ.

ಬೆಲ್ಟ್ ಒಂದು ಕಡೆ ಜಗ್ಗಿ ಇಳೀತಿದೆ. ಏನು ಮಾಡಲಿ?

ಹೋಲ್ಡರ್ ಪ್ಯಾಂಟಿನಲ್ಲಿ ಬೆಲ್ಟ್ ತೂರಿಸುವ ಎರಡು ಪಟ್ಟಿಗಳ ನಡುವೆ ಇದೆಯಾ ನೋಡಿ. ಒಂದು ಪಟ್ಟಿಗೆ ತಾಗಿಕೊಂಡೇ ಇರುವ ಹಾಗೆ ಸರಿಸಿದರೆ ಭಾರ ಪ್ಯಾಂಟಿಗೂ ಹಂಚಿಹೋಗುತ್ತದೆ, ಹಿಂದೆ ಮುಂದೆ ಜಾರುವುದೂ ನಿಲ್ಲುತ್ತದೆ. ಫಾರ್ಮಲ್ ಪ್ಯಾಂಟಿನ ತೆಳ್ಳನೆ ಬೆಲ್ಟ್ ಈ ಭಾರ ತಡೆಯುವುದಿಲ್ಲ, ಕನಿಷ್ಠ 38 ಮಿ.ಮೀ. ಅಗಲದ್ದು ಬೇಕು.

ಚರ್ಮ ಬಳಸಲ್ಲ ಅನ್ನೋರು?

ಸ್ಕೂಲ್ ಬ್ಯಾಗಿನ ನೈಲಾನ್ ಪಟ್ಟಿ ಒಳ್ಳೆಯದು, ಕಾಟನ್ನಿನ ದಪ್ಪ ಪಟ್ಟಿ ಇನ್ನೂ ಚೆನ್ನಾಗಿ ಕಾಣುತ್ತದೆ. ನೈಲಾನಿನ ಕತ್ತರಿಸಿದ ತುದಿಯನ್ನು ಮೇಣದಬತ್ತಿಗೆ ತೋರಿಸಿ ಕರಗಿಸಿ, ಇಲ್ಲದಿದ್ದರೆ ಎಳೆ ಬಿಡುತ್ತದೆ. ರೆಕ್ಸಿನ್ ಒಂದೇ ಪದರ ಸಾಲದು. ಎರಡು ಪದರದ ನಡುವೆ ಕ್ಯಾನ್ವಾಸ್ ಇಟ್ಟು ಹೊಲಿಸಿ.

ಮಗಳಿಗೆ ಶಾಲೆಯ ಛದ್ಮವೇಷ ಸ್ಪರ್ಧೆ ಇದೆ. ಸುಲಭದ್ದು ಹೇಳಿ.

ಅಸಲಿ ಚಾವಟಿ ಬೇಡ. ಎರಡು ಮೀಟರ್ ಕಂದು ಬಣ್ಣದ ಕಾಟನ್ ಹಗ್ಗ, ಒಂದು ತುದಿಗೆ ಗೇಣುದ್ದ ಬಟ್ಟೆ ಸುತ್ತಿದರೆ ಹಿಡಿ. ಸುರುಳಿ ಮಾಡಿ ಮೂರು ಕಡೆ ದಾರದಲ್ಲಿ ಹೊಲಿದುಬಿಡಿ, ಬಿಚ್ಚುವ ಹಾಗೇ ಇರಬಾರದು. ವೇದಿಕೆಯ ಮೇಲೆ ಮಗು ಎಡವುವುದಿಲ್ಲ, ಪಕ್ಕದ ಮಗುವಿಗೂ ತಾಗುವುದಿಲ್ಲ. ಮಕ್ಕಳ ಹೋಲ್ಡರಿಗೆ ವೆಲ್ಕ್ರೋ ಒಪ್ಪುತ್ತೇನೆ.

ಊರಿನ ಬಾರುಕೋಲನ್ನೇ ಇದಕ್ಕೆ ಬಳಸಬಹುದಾ?

ಆಗುವುದಿಲ್ಲ. ಎತ್ತು ಹೊಡೆಯುವ ಬಾರುಕೋಲಿನಲ್ಲಿ ಕೋಲು ಉದ್ದ, ಅದರ ತುದಿಗೆ ಬಾರು ಕಟ್ಟಿರುತ್ತದೆ. ಬುಲ್‌ವಿಪ್ಪಿನಲ್ಲಿ ಹಿಡಿ ಗಿಡ್ಡ, ಹೆಣಿಗೆ ಹಿಡಿಯಿಂದಲೇ ಶುರುವಾಗಿ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಕೋಲನ್ನು ಸುರುಳಿ ಮಾಡಲು ಬರುವುದಿಲ್ಲ. ಬಾರುಕೋಲು ಹೊಲದ ವಸ್ತು, ಅದರ ಜಾಗವೇ ಬೇರೆ.

ಕಾರ್ಯಕ್ರಮದಲ್ಲಿ ತೆಗೆದು ಬೀಸಬಹುದಾ?

ಬೇಡ. ಬೆಂಗಳೂರಿನ ಕಾಮಿಕ್ ಕಾನ್‌ನಂಥ (ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಮೇಳ) ಕಡೆ ಜನ ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತಾರೆ. ಚಾವಟಿಯ ‘ಛಟೀರ್’ ಸದ್ದು ಚರ್ಮಕ್ಕೆ ಚರ್ಮ ಬಡಿದು ಬರುವುದಲ್ಲ. ತುದಿ ಶಬ್ದದ ವೇಗವನ್ನೇ ಮೀರುತ್ತದೆ, ಸೆಕೆಂಡಿಗೆ 340 ಮೀಟರಿಗೂ ಜಾಸ್ತಿ. ಅದು ಕಣ್ಣಿಗೆ ತಾಗಿದರೆ ಗತಿ ಏನು? ಕಲಿಯುವ ಆಸೆ ಇದ್ದರೆ ಬಯಲಿನಲ್ಲಿ, ಕನ್ನಡಕ, ಟೋಪಿ, ತುಂಬು ತೋಳಿನ ಅಂಗಿ ಹಾಕಿಕೊಂಡು, ಸುತ್ತ ಯಾರೂ ಇಲ್ಲದಾಗ ಕಲಿಯಿರಿ. ಜನರ ನಡುವೆ ಹೋಲ್ಡರಿನ ಬಟನ್ ಹಾಕಿಯೇ ಇರಲಿ. ಬಾಗಿಲಲ್ಲಿ ತಪಾಸಣೆಯವರು ಬಿಚ್ಚಿ ತೋರಿಸಿ ಅಂದರೆ ಮುಖ ಗಂಟಿಕ್ಕದೆ ತೋರಿಸಿ. ಅವರು ನೋಡುವುದು ನಮ್ಮೆಲ್ಲರಿಗಾಗಿ. ವಿಮಾನದಲ್ಲಿ ಹೋಗುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ.

ಮನೆಗೆ ಬಂದ ಮೇಲೆ ಚಾವಟಿಯನ್ನು ಹೋಲ್ಡರಿನಲ್ಲೇ ಬಿಡಬಹುದಾ?

ಒಂದು ರಾತ್ರಿ ಪರವಾಗಿಲ್ಲ, ತಿಂಗಳುಗಟ್ಟಲೆ ಬೇಡ. ಬಾರು ಹಿಡಿದ ಜಾಗದಲ್ಲಿ ಹೆಣಿಗೆ ಚಪ್ಪಟೆಯಾಗುತ್ತದೆ. ಮೊಳೆಗೆ ನೇತುಹಾಕುವುದೂ ಬೇಡ, ಮೊಳೆಯ ಜಾಗದಲ್ಲಿ ಮುರಿದ ಹಾಗೆ ಬಾಗುತ್ತದೆ. ಸಡಿಲ ಸುರುಳಿ ಮಾಡಿ ಬೀರುವಿನ ಮೇಲೆ ಚಪ್ಪಟೆಯಾಗಿ ಮಲಗಿಸಿ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದಿದ್ದರೆ ಬಿಳಿ ಬೂಷ್ಟು ಹತ್ತುತ್ತದೆ. ಹತ್ತಿದ್ದರೆ ಮನೆಯ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಿನ ಗಾಳಿಗೆ ಒಂದು ದಿನ ಬಿಡಿ, ಆಮೇಲೆ ಚರ್ಮಕ್ಕೆಂದೇ ಸಿಗುವ ಕ್ರೀಮನ್ನು ಬೆರಳ ತುದಿಯಲ್ಲಿ ತೆಳ್ಳಗೆ ಹಚ್ಚಿ. ಹೋಲ್ಡರಿಗೂ ಅದನ್ನೇ ಹಚ್ಚಬಹುದು, ಆದರೆ ಒಳಮುಖಕ್ಕೆ ಬೇಡ. ಅಲ್ಲಿ ಜಿಡ್ಡಾದರೆ ಸುರುಳಿ ಜಾರುತ್ತದೆ. ಬಟನ್ನಿನ ಗುಬ್ಬಿ ಹಸಿರುಗಟ್ಟಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಎರಡು ಸಲ ಹಾಕಿ ತೆಗೆದು ನೋಡಿ. ‘ಟಕ್’ ಅನ್ನುವ ಸದ್ದು ಮೊದಲಿನ ಹಾಗೆ ಗಟ್ಟಿಯಾಗಿ ಕೇಳದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಮೊದಲು ಆ ಬಟನ್ ಬದಲಾಯಿಸಿ.